ಲಾನಿಯ ಕಂಚಿನ ಶಿಲುಬೆ

ಜಾರ್ಜಿಯಾದ ಆ ಗಿರಣಿ ಊರಿನಲ್ಲಿ ಹಾಯ್ಟ್ ಬ್ರಾಮ್ಲೆಟ್‌ನನ್ನು ಬೆನ್ನ ಹಿಂದೆ ಎಲ್ಲರೂ ‘ಶಿಲುಬೆ ಹಾಯ್ಟ್’ ಎನ್ನುತ್ತಿದ್ದರು. ಶನಿವಾರ ಬಂತೆಂದರೆ ಹಳೇ ಸಾಮಾನಿನ ಸಂತೆಯಲ್ಲಿ ಹಾಜರು. ತುಕ್ಕು ಹಿಡಿದ ಚಾಕು, ಕೋಟಿನ ಗುಂಡಿ, ಸತ್ತವರ ಕನ್ನಡಕಗಳ ನಡುವೆ ಕಂಚಿನ ಶಿಲುಬೆಯ ಪದಕವೊಂದು ಸಿಕ್ಕರೆ, ಮೊದಲು ಹಿಂದೆ ತಿರುಗಿಸಿ ಕೆತ್ತಿದ ಹೆಸರು ಓದುತ್ತಿದ್ದ. ಓದಿದಾಗಲೆಲ್ಲ ಮುಖ ಬಾಡುತ್ತಿತ್ತು. ಆದರೂ ಕೊಳ್ಳುತ್ತಿದ್ದ. ಯಾರೋ ಯುದ್ಧಕ್ಕೆ ಹೋಗಿ ಪಡೆದದ್ದನ್ನು ಗುಂಡಿಗಳ ಜೊತೆ ಬಿಟ್ಟುಬರಲು ಅವನಿಗೆ ಮನಸ್ಸಾಗುತ್ತಿರಲಿಲ್ಲ.

ಅವು ಸರ್ಕಾರ ಕೊಟ್ಟ ಪದಕಗಳಲ್ಲ. ಹಿಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಅಜ್ಜ ಮುತ್ತಜ್ಜಂದಿರು ಗುಲಾಮಗಿರಿ ಬಿಡದ ದಕ್ಷಿಣದ ಪರ ಕಾದಾಡಿ ಸೋತಿದ್ದರಲ್ಲ, ಅವರ ವಂಶದ ಹೆಂಗಸರ ಸಂಘವೊಂದು ಕೊಡುತ್ತಿತ್ತು. ಈಗಿನವನು ಯುದ್ಧ ಮಾಡಿ ಬಂದಿದ್ದರೆ ಸಾಲದು, ಮೈಯಲ್ಲಿ ಆ ಸೋತ ಸಿಪಾಯಿಯ ರಕ್ತವೇ ಹರಿಯುತ್ತಿರಬೇಕು. ಸಂತೆಯಲ್ಲಿ ಅಂಗಡಿ ಹಾಕುತ್ತಿದ್ದ ಓಟಿಸ್ ಗುಲಾಮರ ವಂಶದವನು, ವಿಯೆಟ್ನಾಂ ಕಂಡುಬಂದವನು.

“ಆ ಸಿಪಾಯಿ ಹೊಲ ಉತ್ತಿದ್ದು ನಮ್ಮ ಮುತ್ತಜ್ಜ ಕಣಯ್ಯಾ,” ಎನ್ನುತ್ತಿದ್ದ. “ನನ್ನೆದೆಗೆ ಯಾರೂ ಏನೂ ಸಿಕ್ಕಿಸ್ಲಿಲ್ಲ.”

“ನನಗೂ ಸಿಕ್ಕಿಸ್ಲಿಲ್ಲ, ಬಿಡು,” ಎನ್ನುತ್ತಿದ್ದ ಹಾಯ್ಟ್.

ಹಾಯ್ಟ್ ಸಾಕುಮಗ. ಅವನನ್ನು ಮನೆಗೆ ತಂದ ಮರುವರ್ಷವೇ ಬ್ರಾಮ್ಲೆಟ್ ದಂಪತಿಗೆ ಲಾನಿ ಹುಟ್ಟಿದ. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಬಾಣಲೆಯ ಮೆಕ್ಕೆಜೋಳದ ಬ್ರೆಡ್ಡು, ಕೊನೆಗೆ ಒಂದೇ ಯುದ್ಧ. ಇಬ್ಬರೂ ಜೀವಸಹಿತ ಬಂದಾಗ ತಾಯಿ ಹಿರಿಹಿರಿ ಹಿಗ್ಗಿ ಸಂಘಕ್ಕೆ ಇಬ್ಬರ ಹೆಸರನ್ನೂ ಕೊಟ್ಟಳು. ಹಾಯ್ಟ್ ತನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎನ್ನುವುದು ಆ ಪುಣ್ಯಾತ್ಗಿತ್ತಿಗೆ ಮರೆತೇ ಹೋಗಿತ್ತು.

ಸಂಘದವರು ಮರೆಯುತ್ತಾರೆಯೇ? ಚರ್ಚಿನ ಹಜಾರದಲ್ಲಿ ಅಣ್ಣತಮ್ಮಂದಿರು ಸಮವಸ್ತ್ರ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಲಾನಿಯನ್ನು ಕರೆದು ಪದಕ ಸಿಕ್ಕಿಸಿದರು. ಆಮೇಲೆ ಸಂಘದ ಮಿಸ್ ಯೂಡೋರಾ ಮೈಕಿನಲ್ಲೇ ಹೇಳಿದಳು: “ಹಾಯ್ಟ್ ತುಂಬಾ ಒಳ್ಳೇ ಹುಡುಗ. ಆದ್ರೆ ರಕ್ತಸಂಬಂಧ ಬೇಕಲ್ಲ.” ಊರಿಡೀ ಹಾಯ್ಟ್‌ನ ಕಡೆ ತಿರುಗಿತು. ಲಾನಿ ಮಾತ್ರ ತಿರುಗಲಿಲ್ಲ. ಎದೆಯ ಮೇಲೆ ಶಿಲುಬೆ ಇಟ್ಟುಕೊಂಡು ಗೋಡೆ ನೋಡುತ್ತ ನಿಂತಿದ್ದ.

ಅದೊಂದನ್ನೇ ಹಾಯ್ಟ್ ಮನಸ್ಸಿಗೆ ಹಚ್ಚಿಕೊಂಡ. ಆ ರಾತ್ರಿಯೇ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದ. ಲಾನಿ ಬಂದು ಬಾಗಿಲು ಬಡಿದರೆ ಒಳಗೇ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಒಂದೇ ಊರಿನಲ್ಲಿದ್ದುಕೊಂಡು ತಲೆ ನರೆಯುವವರೆಗೆ ಮಾತಿಲ್ಲ, ಕತೆಯಿಲ್ಲ. ಎಂಥ ಹಟ, ಎಂಥ ದಂಡದ ಹಟ.

ಲಾನಿ ಒಂದು ದಿನ ಗಿರಣಿಯಲ್ಲೇ ಕುಸಿದು ತೀರಿಕೊಂಡ. ಶವಪೆಟ್ಟಿಗೆಯೊಳಗೆ ತಮ್ಮನ ಕೋಟಿನ ಮೇಲೆ ಶಿಲುಬೆ ಇರಲಿಲ್ಲ. ಹಾಯ್ಟ್ ಲಾನಿಯ ಹೆಂಡತಿ ವಿಲ್ಮಾಳನ್ನು ಕೇಳಿದ.

“ಅಂಥದ್ದು ನಮ್ಮನೇಲಿ ಯಾವತ್ತೂ ಇರ್ಲಿಲ್ಲ, ಭಾವ.”

ಮಾರಿಕೊಂಡಿದ್ದಾಳೆ ಅಂದುಕೊಂಡ. ಹುಡುಕಿ ತಂದು ಸಮಾಧಿಯ ಮೇಲಾದರೂ ಇಟ್ಟು ತಪ್ಪಾಯಿತೆನ್ನಬೇಕು ಎಂದು ಸಂತೆ ತಿರುಗಲು ಶುರುಮಾಡಿದ್ದು ಆಗಲೇ.

ಸಂಘಕ್ಕೆ ಹೊಸಬರು ಬರದೆ ಊರಿನ ಶಾಖೆ ಮುಚ್ಚುವ ಹೊತ್ತಿಗೆ ಉಳಿದಿದ್ದವಳು ಯೂಡೋರಾ ಒಬ್ಬಳೇ, ಹಣ್ಣುಹಣ್ಣು ಮುದುಕಿ. ಹಾಯ್ಟ್‌ಗೆ ಹೇಳಿಕಳಿಸಿ ಬಿಸ್ಕತ್ತಿನ ಡಬ್ಬವೊಂದನ್ನು ಮುಂದೆ ತಳ್ಳಿದಳು.

“ನಿನಗೆ ಇದರ ಹುಚ್ಚಲ್ವಾ, ತಗೊಂಡೋಗಪ್ಪ.”

ಮೇಲಿದ್ದ ಶಿಲುಬೆಯನ್ನು ಅಭ್ಯಾಸಬಲದಿಂದ ತಿರುಗಿಸಿದ. ಲಾನಿ ಬ್ರಾಮ್ಲೆಟ್. ಪದಕದ ಬಟ್ಟೆಪಟ್ಟಿ ಇನ್ನೂ ಗರಿಗರಿಯಾಗಿತ್ತು.

“ಇದು ನಿಮ್ಮ ಹತ್ರ ಹೆಂಗೆ ಬಂತು, ಮಿಸ್ ಯೂಡೋರಾ?”

“ಕೊಟ್ಟ ಮಾರನೇ ದಿನಾನೇ ವಾಪಸ್ ತಂದಿಟ್ಟ. ‘ನಮ್ಮಣ್ಣಂಗಿಲ್ದಿದ್ದು ನಂಗೂ ಬೇಡ, ನಿನ್ನೆ ಅವನ ಮುಖ ನೋಡೋಕಾಗ್ಲಿಲ್ಲ’ ಅಂದ. ‘ಅಣ್ಣಂಗೆ ಹೇಳ್ದೇನೋ’ ಅಂತ ನಾನಂದೆ. ‘ಹೇಳೋಕ್ ಹೋಗಿದ್ದೆ, ಬಾಗಿಲು ತೆಗೀಲಿಲ್ಲ. ಮತ್ತೆ ಹೋಗ್ತೀನಿ’ ಅಂದ.” ಮುದುಕಿ ಅವನ ಮುಖ ನೋಡಿದಳು. “ಹೇಳಿರ್ತಾನೆ ಅಂದ್ಕೊಂಡಿದ್ನಲ್ಲೋ.”

ಹಾಯ್ಟ್ ಶಿಲುಬೆಯನ್ನು ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದ.

“ಅವನು ಬೇಡ ಅಂದಿದ್ದು. ನಾನ್ಹೆಂಗೆ ತಗೊಳ್ಳಲಿ.”

ಅಲ್ಲಿಂದ ನೆಟ್ಟಗೆ ಸ್ಮಶಾನಕ್ಕೆ ಹೋದ. ಇಷ್ಟು ವರ್ಷ ಏನಾದರೂ ತಂದಿಡುತ್ತೇನೆ ಅಂದುಕೊಂಡಿದ್ದ ಕಲ್ಲಿನ ಮುಂದೆ ಬರಿಗೈಯಲ್ಲಿ ನಿಂತ.

“ಲಾನಿ, ನಾನು ಕಣೋ,” ಅಂದ. ಬೆರಳು ಮಡಚಿ, ಬಾಗಿಲು ಬಡಿಯುವಂತೆ ಕಲ್ಲನ್ನು ಮೆಲ್ಲಗೆ ಬಡಿದ.