ಹದಿನಾರು ಅಂದರೆ ಎಷ್ಟು

ಸ್ಕ್ಯಾನ್ ಕೋಣೆಯ ಆಕೆಗೆ ಆಸ್ಪತ್ರೆಯಲ್ಲಿ ‘ಎರಡ್ಸಲ’ ಅಂತಲೇ ಹೆಸರು. ರೋಗಿಯ ಹೆಸರನ್ನು ಎರಡು ಸಲ ಕೇಳುತ್ತಾಳೆ, ಬಾಗಿಲನ್ನು ಎರಡು ಸಲ ಎಳೆದು ನೋಡುತ್ತಾಳೆ, ಮನೆಗೆ ಹೊರಟವಳು ಗೇಟಿನಿಂದ ವಾಪಸು ಬಂದು ಸ್ವಿಚ್ಚು ಮುಟ್ಟಿ ಹೋಗುತ್ತಾಳೆ. ಹುಟ್ಟು ಪುಕ್ಕಲಿ. ನಗುವವರು ನಗಲಿ, ಆ ಪುಕ್ಕಲುತನದಿಂದಲೇ ಇಷ್ಟು ವರ್ಷ ಅವಳ ಕೈಯಲ್ಲಿ ಒಂದು ತಪ್ಪೂ ಆಗಿರಲಿಲ್ಲ.

ಆಸ್ಪತ್ರೆ ಸಣ್ಣದು. ತಲೆಯ ಸ್ಕ್ಯಾನ್ ಓದುವ ದೊಡ್ಡ ಡಾಕ್ಟರು ಇರುವುದು ಬೇರೆ ಊರಿನಲ್ಲಿ. ಚಿತ್ರಗಳೆಲ್ಲ ಇಂಟರ್ನೆಟ್ ಲೈನಿನಲ್ಲಿ ಅಲ್ಲಿಗೆ ಹೋಗಬೇಕು. ಹಳೇ ಲೈನಿನದು ಆಮೆನಡಿಗೆ. ಅದಕ್ಕೇ ಮುಖ್ಯವಾದ ಮೂವತ್ತು ಚಿತ್ರ ಆರಿಸಿ ಮೊದಲು ಕಳಿಸುವುದು, ಉಳಿದವನ್ನು ಆಮೇಲೆ ಕಳಿಸುವುದು ಅವರ ರೂಢಿ. ಆ ವಾರವಷ್ಟೇ ಹೊಸ ಲೈನು ಬಂದಿತ್ತು. ಎಳೆದುಕೊಟ್ಟವನು “ಹದಿನಾರು” ಎಂದು ಹೇಳಿ ಹೋದ. ಆಮೇಲೆ ಎಲ್ಲರ ಬಾಯಲ್ಲೂ ಹದಿನಾರೇ ಹದಿನಾರು. ಏನು ಹದಿನಾರು ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ? ಎರಡ್ಸಲ ಕೂಡ ಕೇಳಲಿಲ್ಲ.

ಆ ಮಧ್ಯಾಹ್ನ ಸ್ಟ್ರೆಚರಿನ ಮೇಲೆ ಬಂದವರು ಅವಳ ಮಾವ, ಗಂಡನ ಅಪ್ಪ. ಊಟಕ್ಕೆ ಕೂತಿದ್ದವರ ಬಲಗೈಯಿಂದ ಲೋಟ ಜಾರಿ ಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಬೇಕು. ತಡವಾದಷ್ಟೂ ಕೈಕಾಲು ಹೋಗುತ್ತದೆ. ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಯಾವುದೆಂದು ಹೇಳಬೇಕಾದವರು ದೂರದ ಆ ಡಾಕ್ಟರು.

ಸ್ಕ್ಯಾನ್ ಮುಗಿಯಿತು. ಡ್ಯೂಟಿ ಡಾಕ್ಟರು ಕೇಳಿದರು: “ಹೋಗೋಕೆ ಎಷ್ಟೊತ್ತು ಬೇಕಮ್ಮ?”

ಒಟ್ಟು ಸಾವಿರದ ಇನ್ನೂರು ಮೆಗಾಬೈಟ್. ಸೆಕೆಂಡಿಗೆ ಹದಿನಾರರಂತೆ ಭಾಗಿಸಿದಳು. “ಒಂದೂಕಾಲು ನಿಮಿಷ ಸರ್. ಆರಿಸೋದೇನೂ ಬೇಡ, ಎಲ್ಲಾನೂ ಒಟ್ಟಿಗೇ ಕಳಿಸ್ತೀನಿ.”

“ಕಳ್ಸಿ ಮತ್ತೆ.”

ಒಂದೂಕಾಲು ನಿಮಿಷ ಆಯಿತು, ಎರಡಾಯಿತು. ಪರದೆಯ ಮೇಲಿನ ಹಸಿರು ಪಟ್ಟಿ ಕಾಲುಭಾಗವೂ ತುಂಬಲಿಲ್ಲ. ಗಾಜಿನಾಚೆ ಗಂಡನ ಮುಖ. “ಇನ್ನೂ ಆಗಿಲ್ವಾ?” ಎಂದರು ಡಾಕ್ಟರು. “ಆಗ್ತಾ ಇದೆ ಸರ್,” ಎಂದಳು. ವೈರು ಸಡಿಲವಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿದಳು. ಕೊನೆಗೆ ಕಣ್ಣು ಪರದೆಯ ಮೂಲೆಗೆ ಹೋಯಿತು: ಸೆಕೆಂಡಿಗೆ ಎರಡು ಮೆಗಾಬೈಟ್.

ಆಗ ಹೊಳೆಯಿತು. ಲೈನು ಮಾರುವವರು ಬಿಟ್‌ನಲ್ಲಿ ಹೇಳುತ್ತಾರೆ, ಕಂಪ್ಯೂಟರು ಬೈಟ್‌ನಲ್ಲಿ ಅಳೆಯುತ್ತದೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಹದಿನಾರನ್ನು ಎಂಟರಿಂದ ಭಾಗಿಸಿದರೆ ಎರಡು. ಹಾಗಾದರೆ ಒಂದೂಕಾಲು ನಿಮಿಷವಲ್ಲ, ಹತ್ತು ನಿಮಿಷ. ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಳು, ಮಹಾರಾಯ್ತಿ! ಅಷ್ಟರಲ್ಲಿ ಐದು ನಿಮಿಷ ಕಳೆದಿತ್ತು.

ಇನ್ನೈದು ನಿಮಿಷ ಕಾಯುವುದೇ? ನಿಲ್ಲಿಸಿ ಮೂವತ್ತು ಚಿತ್ರ ಆರಿಸುವುದೇ? ರಕ್ತ ಇರುವ ಚಿತ್ರವೇ ಕೈತಪ್ಪಿದರೆ? ಮಾವನನ್ನು ತಾನೇ ಕೊಂದಂತೆ. “ಸರ್, ನನ್ನ ಲೆಕ್ಕ ತಪ್ಪಿದೆ, ಮೂವತ್ತು ಆರಿಸಿ ಕಳಿಸ್ತೀನಿ,” ಎಂದವಳೇ ನಿಲ್ಲಿಸುವ ಗುಂಡಿ ಒತ್ತಿದಳು. ಒಂದೊಂದೇ ಆರಿಸಿದಳು. ಆರಿಸಿದ್ದು ಕ್ಷಣದಲ್ಲಿ ಹೋಯಿತು.

ದೂರದ ಡಾಕ್ಟರ ಫೋನು ಬಂತು. “ರಕ್ತ ಕಾಣ್ತಿಲ್ಲ. ಇಂಜೆಕ್ಷನ್ ಕೊಡಿ.”

ಕೊಟ್ಟರು. ಅವಳು ಉಳಿದ ಚಿತ್ರಗಳನ್ನು ಕಳಿಸುತ್ತಾ ಕೂತಳು. ಔಷಧಿ ಒಳಗೆ ಹೋಗಿಯಾಗಿದೆ, ವಾಪಸು ತೆಗೆಯುವಂತಿಲ್ಲ. ಮತ್ತೆ ಫೋನು ಬಂದಾಗ ಎತ್ತಲು ಧೈರ್ಯ ಸಾಲದೆ ಡ್ಯೂಟಿ ಡಾಕ್ಟರ ಕಡೆ ನೋಡಿದಳು. ಅವರು ಕೇಳಿಸಿಕೊಂಡು, “ಉಳಿದದ್ದರಲ್ಲೂ ಇಲ್ವಂತೆ,” ಎಂದರು.

ಮಾವ ಮನೆಗೆ ಬಂದರು. ಮಾತು ಬಂತು, ಕಾಲೂ ಬಂತು. ಬಲಗೈ ಬೆರಳು ಮಾತ್ರ ಮಡಚುವುದಿಲ್ಲ. ಬೇಗ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತೇನೋ ಎಂದರು ಡಾಕ್ಟರು. ಆ ‘ಏನೋ’ ಅವಳನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ತಡೆಯಲಾಗದೆ ಹೇಳಿಬಿಟ್ಟಳು.

“ಮಾವ, ಅವತ್ತು ತಪ್ಪು ಲೆಕ್ಕ ಹಾಕಿದ್ದು ನಾನು. ಐದು ನಿಮಿಷ ನನ್ನಿಂದ ಹೋಯ್ತು.”

ಅವರು ತಮ್ಮ ಬಲಗೈಯನ್ನು ನೋಡಿಕೊಂಡರು.

“ಐದು ನಿಮಿಷಕ್ಕೆ ಎಷ್ಟು ಬೆರಳಮ್ಮ?”

“ಗೊತ್ತಿಲ್ಲ, ಮಾವ.”

“ನಂಗೂ ಗೊತ್ತಿಲ್ಲ. ಬಾ, ಅಂಗಿ ಗುಂಡಿ ಹಾಕು.”

ಅವಳು ಕೆಳಗಿನಿಂದ ಒಂದೊಂದೇ ಗುಂಡಿ ಹಾಕಿದಳು. ಹಾಕಿ ಮುಗಿಸುವವರೆಗೂ ಮಾವ ಕತ್ತೆತ್ತಿಕೊಂಡು ನಿಂತಿದ್ದರು.