ಹನುಮಪ್ಪಗಳ ದಾರಿಯಲ್ಲಿ ಒಂದು ಹಸಿರು ಸೀರೆ

ಬರೆಯಲು ಕುಳಿತ ಈ ಮುದಿಗೈಯನ್ನು ಇನ್ನೂ ನಡುಗದಂತೆ ಕಾಯ್ದಿರುವ ಪರಶಿವನಿಗೆ ಮೊದಲ ವಂದನೆ. ಅಕ್ಷರವನ್ನೂ ಅದರ ಒಳಗಿನ ಅರ್ಥವನ್ನೂ ಬೇಸರಿಸದೆ ತಿದ್ದಿಸಿದ ಗುರುಗಳ ಪಾದಕ್ಕೆ ಮತ್ತೊಂದು ವಂದನೆ. ನಮ್ಮ ಸೀಮೆಯ ಕಪ್ಪು ನೆಲಕ್ಕೆ, ಅದರ ನಡುವೆ ಹರಿದು ಬರುವ ಕೃಷ್ಣೆಗೆ, ನನ್ನನ್ನು ಹಲವು ಸಲ ಬೀಳಿಸಿಯೂ ಒಮ್ಮೆಯೂ ಮುರಿಯದೆ ಬಿಟ್ಟ ಹಳೆಯ ದಾರಿಗಳಿಗೆ ನಾನು ಕೃತಜ್ಞ. ಇವರನ್ನೆಲ್ಲ ನೆನೆದ ಮೇಲೆಯೇ ಮುಂದಿನ ಮಾತು.

ನಿಜಾಮರ ಆಳ್ವಿಕೆಯ ಕಾಲವದು. ನಾರಾಯಣಪೇಟೆಯ ಮಠದ ಪಾಠಶಾಲೆಯಲ್ಲಿ ನಾನು ಸಂಸ್ಕೃತ ಹೇಳಿಕೊಡುತ್ತಿದ್ದೆ. ತಂದೆಯವರು ಶಿವನ ಪಾದ ಸೇರಿದ್ದರು. ತಾಯಿಗೆ ಮೊಣಕಾಲ ನೋವು, ಅಂಗಳ ದಾಟುವುದೇ ಕಷ್ಟ. ನನಗಿದ್ದ ಒಬ್ಬಳೇ ತಂಗಿಯನ್ನು ಗದ್ವಾಲಕ್ಕೆ ಕೊಟ್ಟಿದ್ದೆವು. ಅವಳ ಮೊದಲ ಬಸಿರಿಗೆ ಐದು ತಿಂಗಳು ತುಂಬಿ, ಅತ್ತೆಯ ಮನೆಯಲ್ಲಿ ಕುಬಸದ ಕಾರ್ಯ ನಿಶ್ಚಯವಾಯಿತು. ಆ ದಿನ ಬಸುರಿಯನ್ನು ಮಣೆಯ ಮೇಲೆ ಕೂಡಿಸಿ, ತವರಿನಿಂದ ಬಂದ ಹಸಿರು ಸೀರೆ ಉಡಿಸಿ, ಉಡಿ ತುಂಬುತ್ತಾರೆ. ತವರಿನವರು ಒಬ್ಬರಾದರೂ ಪಕ್ಕದಲ್ಲಿ ಕೂಡಬೇಕು. ಮುಹೂರ್ತ ಗೋಧೂಳಿಯದು.

ತಂಗಿಯ ಅತ್ತೆಯವರು ಹೇಳಿಕಳಿಸಿದ ಮಾತು ಮೃದುವಾಗಿಯೇ ಇತ್ತು, ಆದರೆ ಚುಚ್ಚುತ್ತಿತ್ತು: "ನಿಮ್ಮ ಸೀರಿ ಹೊತ್ತಿಗೆ ಬರಲಿಲ್ಲಂದ್ರ ಚಿಂತಿಲ್ಲ, ನಮ್ಮ ಗದ್ವಾಲದಾಗ ಸೀರಿಗೇನು ಬರ ಐತಿ?" ಗದ್ವಾಲವೂ ನೇಕಾರರ ಊರೇ. ಆದರೆ ಅತ್ತೆಯ ಮನೆಯ ಸೀರೆ ಉಟ್ಟು, ಪಕ್ಕದಲ್ಲಿ ತವರಿನ ಪಿಳ್ಳೆಯೂ ಇಲ್ಲದೆ ಮಣೆಯ ಮೇಲೆ ಕುಳಿತ ಹೆಣ್ಣನ್ನು ಊರಿನ ಹೆಂಗಸರು ಜೀವಮಾನವಿಡೀ ಆಡಿಕೊಳ್ಳುವರು. ನನ್ನ ತಂಗಿಗೆ ಆ ಮಾತು ಬರಬಾರದು ಎಂಬುದೊಂದೇ ನನ್ನ ಹಂಬಲ.

ಸೀರೆ ನೇಯುತ್ತಿದ್ದವನು ನನ್ನ ಬಾಲ್ಯದ ಗೆಳೆಯ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನಗುವಾಗ ಎರಡೂ. ಅವರ ಮಗ್ಗದಲ್ಲಿ ಒಂದೇ ಹಾಸಿನಲ್ಲಿ, ಅಂದರೆ ಉದ್ದೆಳೆಗಳ ಒಂದೇ ಸಾಲಿನಲ್ಲಿ, ಎಂಟು ಸೀರೆಯ ರೇಷ್ಮೆ ಏರಿಸುವರು. ಎಂಟೂ ಮುಗಿಯದೆ ಆ ಎಳೆಗಳಿಗೆ ಕತ್ತರಿ ತಾಗಿಸುವುದು ಅವರ ಮನೆಯಲ್ಲಿ ನಿಷಿದ್ಧ. ನಮ್ಮ ಸೀರೆ ಎಂದೋ ಮುಗಿದಿತ್ತು. ಎಂಟನೆಯದು ಮುಗಿಯುವವರೆಗೆ ಅದು ಮಗ್ಗದ ಮರಕ್ಕೆ ಸುತ್ತಿಕೊಂಡೇ ಉಳಿಯಿತು. ಕತ್ತರಿಸಿ ನನ್ನ ಕೈಗೆ ಬಂದದ್ದು ಕುಬಸದ ಹಿಂದಿನ ಸಂಜೆ. ಎತ್ತಿನ ಗಾಡಿ ಕಟ್ಟಿದರೆ ಗದ್ವಾಲಕ್ಕೆ ಎರಡು ದಿನ.

"ತಪ್ಪು ನಮ್ಮ ಮಗ್ಗದ್ದು, ಅಯ್ನೋರ," ಎಂದ ಗೆಳೆಯ. "ನಮ್ಮ ಕಾಕಾನ ಸೈಕಲ್ ಐತಿ. ನೀವೂ ಒಂದು ಹಿಡಕೊಂಡು ಬರ್ರಿ. ಮುಂಜಾನೆ ಹೊಂಟರ ಹೊತ್ತು ಮುಳುಗೋದ್ರಾಗ ಮುಟ್ತೀವಿ."

ನಾನು ಸೈಕಲ್ ಕಲಿತು ಹದಿನೈದು ದಿನವಾಗಿತ್ತು. ಓಡಿಸಬಲ್ಲೆ, ಹತ್ತುವುದಕ್ಕೆ ಮಾತ್ರ ಒಂದು ಕಲ್ಲೋ ಕಟ್ಟೆಯೋ ಬೇಕು. ಇಳಿಯುವುದು ದೈವೇಚ್ಛೆ. ಪಾಠಶಾಲೆಯ ಹಿರಿಯ ಉಪಾಧ್ಯಾಯರು ತಮ್ಮ ಸೈಕಲನ್ನು ಧೈರ್ಯವಾಗಿ ಕೊಟ್ಟರು.

ತಾಯಿ ಮಾತ್ರ ಒಪ್ಪಲಿಲ್ಲ. ಎರಡು ಗಾಲಿಯ ಮೇಲೆ ಮನುಷ್ಯ ನಿಲ್ಲುವುದು ಮಂತ್ರವಾದಿಗಳ ಕೆಲಸವೆಂದು ಅವರ ನಂಬಿಕೆ. ಕೊನೆಗೆ ಒಂದು ಷರತ್ತು ಹಾಕಿದರು: "ತಮ್ಮಾ, ದಾರ್ಯಾಗ ಎಷ್ಟು ಹನುಮಪ್ಪ ಬರ್ತಾನೋ ಅಷ್ಟೂ ಹನುಮಪ್ಪನ ಮುಂದ ಇಳದು, ಕೈ ಮುಗದು ಹೋಗಬೇಕು. ನನ್ನ ಮುಟ್ಟಿ ಹೇಳು."

ನಮ್ಮದು ಶಿವನ ಮನೆತನ. ಆದರೂ ಅಗಸಿಯ, ಅಂದರೆ ಊರಬಾಗಿಲಿನ, ಹನುಮಪ್ಪನ ಮುಂದೆ ಈ ಸೀಮೆಯಲ್ಲಿ ತಲೆ ಬಾಗದ ಮನೆಯಿಲ್ಲ. ತಾಯಿಯ ಪಾದ ಮುಟ್ಟಿ ಮಾತು ಕೊಟ್ಟೆ. ಎಷ್ಟು ಹನುಮಪ್ಪಗಳು ಎಂದು ಯೋಚಿಸಲಿಲ್ಲ. ಶಾಸ್ತ್ರ ಓದಿದವನು ಮಾಡುವ ತಪ್ಪು ಹೀಗೆಯೇ ಇರುತ್ತದೆ. ವ್ರತದ ಮಹಿಮೆ ಗೊತ್ತು, ಊರಿನ ಲೆಕ್ಕ ಗೊತ್ತಿಲ್ಲ.

ದೀಪಾವಳಿ ಕಳೆದ ದಿನಗಳು. ನಸುಕಿನಲ್ಲಿ ಸೀರೆಯನ್ನು ಬಿಳಿಯ ಧೋತರದಲ್ಲಿ ಸುತ್ತಿ ನನ್ನ ಬೆನ್ನಿಗೆ ಕಟ್ಟಿದರು. ಕುಬಸಕ್ಕೆಂದು ತಾಯಿ ಕಟ್ಟಿದ ಉಂಡೆಗಳ ಬುಟ್ಟಿ ಗೆಳೆಯನ ಸೈಕಲಿನ ಹಿಂದೆ. ಊರ ಅಗಸಿಯಲ್ಲೇ ಮೊದಲ ಹನುಮಪ್ಪ. ಇಳಿದೆ, ಕೈ ಮುಗಿದೆ, ಕಲ್ಲು ಹುಡುಕಿ ಹತ್ತಿದೆ. ಮನಸ್ಸು ಹಗುರವಾಗಿತ್ತು. ಎರಡೂ ಕಡೆ ಮೊಣಕಾಲೆತ್ತರದ ಬಿಳಿಜೋಳ, ಅದರ ಮೇಲೆ ಇಬ್ಬನಿ. ದೂರದಲ್ಲಿ ಹಳ್ಳಿಯೊಂದರ ಹುಡೇವು, ಅಂದರೆ ಹಿಂದಿನವರು ಕಾವಲಿಗೆ ಕಟ್ಟಿದ ಗುಂಡುಗೋಪುರ, ಬೆಳಗಿನ ಬಿಸಿಲಿಗೆ ಕೆಂಪಾಗಿತ್ತು. ಹಾಳು ಕೋಟೆ, ಮೆಟ್ಟಿಲ ಬಾವಿ, ಹುಣಿಸೆಯ ನೆರಳಲ್ಲಿ ಸಾಲಾಗಿ ನಿಂತ ವೀರಗಲ್ಲು: ಬಾಲ್ಯದಿಂದ ಗಾಡಿಯಲ್ಲಿ ತೂಕಡಿಸುತ್ತ ದಾಟಿದ ಊರುಗಳನ್ನು ಸೈಕಲಿನ ಮೇಲೆ ಮೊದಲ ಸಲ ಎಚ್ಚರದಿಂದ ಕಂಡೆ.

ಆದರೆ ಪ್ರತಿ ಊರಿಗೂ ಅಗಸಿ, ಪ್ರತಿ ಅಗಸಿಗೂ ಹನುಮಪ್ಪ. ಊರು ದಾಟಿದರೆ ಬಾವಿಯ ಹನುಮಪ್ಪ, ಹಳ್ಳದ ಹನುಮಪ್ಪ, ಹೊಲದ ಬದುವಿನಲ್ಲಿ ಒಬ್ಬನೇ ನಿಂತ ಹನುಮಪ್ಪ. ಕೆಲವೆಡೆ ಹತ್ತಲು ಕಲ್ಲಿರುತ್ತಿರಲಿಲ್ಲ. ಗೆಳೆಯನೇ ಸೈಕಲ್ ಹಿಡಿದು ನಿಲ್ಲುತ್ತಿದ್ದ.

"ಅಯ್ನೋರ, ಲಂಕಾಕ್ಕ ಹಾರಿದಾವ ಒಬ್ಬನ. ಇಲ್ಲಿ ಇಷ್ಟು ಮಂದಿ ಯಾಕ ಉಳದಾರ?"

"ನಮ್ಮಂಥವರು ಬಿದ್ದರ ಎತ್ತಾಕ," ಎಂದೆ. ಹೇಳಿ ಮುಗಿಯುವ ಮೊದಲೇ ಒಮ್ಮೆ ಜೋಳದ ಹೊಲದೊಳಗೆ ಹೋದೆ. ಸೀರೆಗೆ ಏನೂ ಆಗಲಿಲ್ಲ. ಗೆಳೆಯ ನನ್ನನ್ನು ಬಿಟ್ಟು ಮೊದಲು ಗಂಟನ್ನೇ ಬಿಚ್ಚಿ ನೋಡಿದ. ನೇಕಾರನಲ್ಲವೇ!

ನನ್ನದೇ ಇನ್ನೊಂದು ತಪ್ಪನ್ನೂ ಮುಚ್ಚಿಡಬಾರದು. ಒಂದು ಹಳ್ಳಿಯ ಗುಡಿಯ ಮುಂದೆ ಹಳಗನ್ನಡದ ಶಾಸನ ಕಂಡಿತು. ಕೈ ಮುಗಿಯಲು ಇಳಿದವನು ಓದಲು ಕುಳಿತುಬಿಟ್ಟೆ. ದಾನದ ಸಾಲು ಮುಗಿಸಿ ಶಾಪದ ಸಾಲಿಗೆ ಬರುವಾಗ ಗೆಳೆಯ ಹೆಗಲು ಹಿಡಿದು ಎಬ್ಬಿಸಿದ. "ಪದ, ಪದ!" ಎಂದು ತೆಲುಗಿನಲ್ಲೇ ಹೊರಡಿಸಿದ. "ಆ ಕಲ್ಲು ಎಲ್ಲಿಗೂ ಹೋಗಂಗಿಲ್ರಿ. ಹೊತ್ತು ಹೊಂಟೈತಿ."

ಮಕ್ತಲ ಸೇರಿದಾಗ ಹೊತ್ತು ನೆತ್ತಿಗೇರಿತ್ತು. ಅಲ್ಲಿ ಪಡುವಣಕ್ಕೆ ಮುಖಮಾಡಿ ನಿಂತ ದೊಡ್ಡ ಹನುಮಪ್ಪನ ಸನ್ನಿಧಿಯಲ್ಲಿ ಮನಸಾರೆ ನಮಸ್ಕರಿಸಿ, ಬಾವಿಕಟ್ಟೆಯ ಮೇಲೆ ರೊಟ್ಟಿ, ಸೇಂಗಾ ಹಿಂಡಿ ಉಂಡು ಹೊರಟೆವು. ಕೃಷ್ಣೆಯ ದಂಡೆ ತಲಪಿದಾಗ ನೆರಳು ಉದ್ದವಾಗತೊಡಗಿತ್ತು. ಹರಿಗೋಲಿನ ಅಂಬಿಗ ಮುದುಕ. ಎರಡು ಸೈಕಲುಗಳನ್ನು ಕಂಡು, "ಇವು ಈಸ್ತಾವೇನ್ರಿ?" ಎಂದು ಕೇಳಿ, ತಾನೇ ನಕ್ಕು, ಅವನ್ನು ಮಗುವಿನಂತೆ ಮಲಗಿಸಿಕೊಂಡ. ಆ ಹರಿಗೋಲು ತಿರುತಿರುಗಿ ಸಾಗುವಾಗ ನಾನು ಶಿವನಾಮ ಹಿಡಿದೆ. ಗೆಳೆಯ ಉಂಡೆಯ ಬುಟ್ಟಿ ಹಿಡಿದ.

ಆಚೆ ದಂಡೆಗೆ ಇಳಿದು ಅಂಬಿಗನನ್ನು ಕೇಳಿದೆ: "ಯಜಮಾನ, ಇಲ್ಲಿಂದ ಗದ್ವಾಲದ ತನಕ ಹನುಮಪ್ಪನ ಗುಡಿ ಎಷ್ಟದಾವು?"

ಅವನು ಬೆರಳು ಮಡಚಿದ. ಒಂದು ಕೈ ಮುಗಿಯಿತು. ಇನ್ನೊಂದು ಕೈಗೆ ಬಂದ. "ಕ್ವಾಟಿ ಬಾಗಲದಾಗ ಮತ್ತ ಇಬ್ಬರು ಅದಾರ್ರೀ, ಯಪ್ಪಾ," ಎಂದು ಸಂತೋಷದಿಂದ ಮುಗಿಸಿದ.

ಸೂರ್ಯನನ್ನು ನೋಡಿದೆ. ನೆಟ್ಟಗೆ ಹೋದರೆ ಗೋಧೂಳಿಗೆ ಸರಿಯಾಗಿ ಮುಟ್ಟಬಹುದು. ಇಳಿದು ಹತ್ತುತ್ತ ಹೋದರೆ ಖಂಡಿತ ಆಗದು.

"ಇಲ್ಲೇ ನಿಂತು ಎಲ್ಲಾರಿಗೂ ಕೂಡಿ ಒಂದ ನಮಸ್ಕಾರ ಹಾಕ್ರಿ," ಎಂದ ಗೆಳೆಯ. "ಅವರು ಅವರೊಳಗ ಹಂಚಿಕೋತಾರ."

ನಗು ಬರಲಿಲ್ಲ. ತಾಯಿಯ ಪಾದ ಮುಟ್ಟಿದ ಕೈ ಇದು. ಅತ್ತ ತಂಗಿ ಬಾಗಿಲು ನೋಡುತ್ತ ಕುಳಿತಿರುವಳು. ಮಾತು ಮುರಿದರೆ ತಾಯಿಗೆ ದ್ರೋಹ, ಉಳಿಸಿದರೆ ತಂಗಿಗೆ ಅವಮಾನ. ಕಲಿತ ಯಾವ ಶ್ಲೋಕವೂ ನೆರವಿಗೆ ಬರಲಿಲ್ಲ.

ಗೆಳೆಯ ಕೈ ಚಾಚಿದ. "ಗಂಟು ಕೊಡ್ರಿ. ಮಾತು ಕೊಟ್ಟಾವರು ನೀವು, ನಾ ಅಲ್ಲ. ನಾ ಹೋಗ್ತೀನಿ."

"ತವರು ಮನಿಯಾವರು ಬೇಕಲ್ಲಪಾ. ಪಕ್ಕದಾಗ ಕುಂದ್ರಾಕ..."

"ಆ ಸೀರಿ ನೂಲು ನೆನಸಿದಾವ ನಾ, ಅಂಚು ಎತ್ತಿದಾವ ನಾ. ಚಿಕ್ಕಂದಿನಾಗ ನಿಮ್ಮ ತಂಗಿ ನನ್ನ ಲಾಳಿ ಕದ್ದು ದೋಣಿ ಅಂತ ನೀರಾಗ ಬಿಟ್ಟಾಕಿ. ಆವಾಗ ಅಣ್ಣನಂಗ ತಲಿಮ್ಯಾಲ ಒಂದು ಕೊಟ್ಟೀನಿ. ಅಷ್ಟು ಸಾಲಂಗಿಲ್ಲೇನು?"

ಅವನ ಕುಲ ಬೇರೆ, ನಮ್ಮದು ಬೇರೆ. ಅತ್ತೆಯವರು ಆಚಾರದಲ್ಲಿ ಬಿಗಿ. ಅವನನ್ನು ಹೊರ ಅಂಗಳದಲ್ಲಿ ನಿಲ್ಲಿಸಿ ಸೀರೆ ಮಾತ್ರ ಒಳಗೆ ತೆಗೆದುಕೊಂಡರೆ ಅವನಿಗೂ ತಂಗಿಗೂ ಅವಮಾನ. ಆದರೂ ಗಂಟು ಬಿಚ್ಚಿ ಅವನ ಬೆನ್ನಿಗೆ ಕಟ್ಟಿದೆ. ಗಂಟೆ ಬಾರಿಸುತ್ತ ಅವನು ಕೆಂಪು ಮಣ್ಣಿನ ದಾರಿಯಲ್ಲಿ ಮರೆಯಾದ.

ನಾನು ಅಂಬಿಗನ ಲೆಕ್ಕದಂತೆ ಒಬ್ಬೊಬ್ಬರನ್ನೇ ಕಾಣುತ್ತ ಹೋದೆ. ಬೆಳಗಿನಿಂದ ನನ್ನ ಕ್ಷೇಮಕ್ಕಾಗಿ ಕೈ ಮುಗಿದವನು ಈಗ ಪ್ರತಿ ಗುಡಿಯ ಮುಂದೆಯೂ ಗೆಳೆಯನ ಗಾಲಿಗೆ ಮುಳ್ಳು ಚುಚ್ಚದಿರಲೆಂದು ಬೇಡಿದೆ. ಅಂಬಿಗ ಒಂದನ್ನು ಮರೆತಿದ್ದ. ಅದನ್ನೂ ಬಿಡಲಿಲ್ಲ.

ಗದ್ವಾಲದ ಮಣ್ಣಿನ ಕೋಟೆಯ ಬಾಗಿಲು ಹೊಕ್ಕು ಬೀಗರ ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಒಳಗಿನಿಂದ ಹೆಂಗಸರ ಹಾಡು. ಹೆದರುತ್ತಲೇ ಹೊಸ್ತಿಲ ಬಳಿ ನಿಂತೆ. ಪಡಸಾಲೆಯ ನಡುವೆ ಮಣೆಯ ಮೇಲೆ ತಂಗಿ, ಹಸಿರು ಸೀರೆಯಲ್ಲಿ. ಅವಳ ಬಲಕ್ಕೆ ಇನ್ನೊಂದು ಮಣೆ. ಅದರ ಮೇಲೆ ಗೆಳೆಯ, ತಲೆಗೆ ಹೊಸ ರುಮಾಲು, ಹಣೆಗೆ ವಿಭೂತಿ, ಕೈಯಲ್ಲಿ ಹೋಳಿಗೆ.

ನಡೆದದ್ದನ್ನು ಆಮೇಲೆ ತಂಗಿ ಹೇಳಿದಳು. ಅತ್ತೆಯವರು ಗದ್ವಾಲದ ಸೀರೆಯನ್ನು ಮಡಿಕೆ ಬಿಚ್ಚಿ ಇಟ್ಟಿದ್ದರಂತೆ. ಗೆಳೆಯ ಏದುತ್ತ ಬಂದು ಅಂಗಳದಲ್ಲಿ ನಿಂತಾಗ, "ಯಾರಪಾ ನೀ?" ಎಂದರಂತೆ.

"ತವರು ಮನಿಯಾಂವ್ರಿ, ಅವ್ವಾರ."

"ಅಣ್ಣ ಎಲ್ಲಿ?"

"ದಾರ್ಯಾಗಿನ ಹನುಮಪ್ಪಗೋಳ ಕೂಡ ಮಾತಾಡ್ಕೋತ ಬರಾಕ ಹತ್ಯಾರ್ರಿ."

ಅತ್ತೆಯವರು ಗಂಟು ಬಿಚ್ಚಿ, ಅಂಚನ್ನು ಬೆರಳಿನ ನಡುವೆ ಹಿಡಿದು, ದೀಪಕ್ಕೆ ಒಡ್ಡಿ, ಬಹಳ ಹೊತ್ತು ನೋಡಿದರಂತೆ. ಒಂದು ಎಳೆಯೂ ತಪ್ಪಿರಲಿಲ್ಲ. "ಇದನ್ನ ಯಾರು ನೇದಾರ?"

"ನಾನ್ರೀ," ಎಂದನಂತೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆಯವರು ಗದ್ವಾಲದ ಸೀರೆಯನ್ನು ಮಡಿಚಿ ಪೆಟ್ಟಿಗೆಯೊಳಗಿಟ್ಟು ಹೇಳಿದರಂತೆ: "ಎಳಿ ಎಳಿಗೂ ಆಕೀನ್ನ ನೆನಸಿ ನೇದಾನ. ಇದಕ್ಕಿಂತ ತವರು ಯಾವುದಿರ್ತೈತಿ? ಒಳಗ ಬಾರಪಾ. ಮಣಿ ಹಾಕ್ರಿ ಅವಗ."

ಹೊಸ್ತಿಲಲ್ಲಿ ಧೂಳು ಮೆತ್ತಿಕೊಂಡು ನಿಂತ ನನ್ನನ್ನು ತಂಗಿ ಕಂಡಳು. ಮಣೆಯಿಂದ ಏಳುವಂತಿಲ್ಲ, ಬಾಯಿ ಬಿಡದೆ ಇರುವವಳೂ ಅಲ್ಲ. "ಯಣ್ಣಾ, ಹನುಮಪ್ಪಗೋಳು ಎಲ್ಲಾರೂ ಆರಾಮ ಅದಾರೇನು?"

ಪಡಸಾಲೆಯೇ ನಕ್ಕಿತು. ಅತ್ತೆಯವರು ಕಾಲಿಗೆ ನೀರು ಕೊಡಿಸುತ್ತ, "ಒಬ್ಬ ಅಣ್ಣ ಅಂತ ಒಂದ ರುಮಾಲ ತರಿಸಿದ್ವಿ, ಅಯ್ನೋರ. ಅದು ಮೊದಲು ಬಂದ ತಲಿಗೆ ಹೋತು," ಎಂದರು. ಗೆಳೆಯ ನಾಚಿ ರುಮಾಲಿಗೆ ಕೈಹಾಕಿದ. ನಾನು ಅವನ ಕೈ ಹಿಡಿದು ತಡೆದೆ. ಬರಿದಲೆಯಲ್ಲಿ ಅವನ ಪಕ್ಕ ಕುಳಿತು ಉಂಡ ಹೋಳಿಗೆಯಷ್ಟು ಸವಿಯಾದುದನ್ನು ಮುಂದೆ ನಾನು ಉಂಡಿಲ್ಲ.

ಅಂದಿನಿಂದ ಗದ್ವಾಲದ ಮನೆಯ ಕರೆಯೋಲೆ ನಾರಾಯಣಪೇಟೆಯ ಎರಡು ಮನೆಗೆ ಬರತೊಡಗಿತು. ಮಗ್ಗದ ಮನೆಗೆ ಮೊದಲು, ನಮ್ಮ ಮನೆಗೆ ಆಮೇಲೆ. ತಂಗಿಯ ಮಗನ ಹೆಸರಿಡುವ ದಿನ ತೊಟ್ಟಿಲ ಹಗ್ಗ ಹಿಡಿದ ಸೋದರಮಾವ ಯಾರೆಂದು ಹೇಳಬೇಕಿಲ್ಲ. ನಾನು ಮತ್ತೊಂದು ಬದಿ ಹಿಡಿದೆ.

ಮಗನ ಬಗೆಗಿನ ಭಯವನ್ನು ದೇವರ ಕೈಗೆ ಒಪ್ಪಿಸಿದ ಆ ತಾಯಿಗೆ ಶಿವನ ಸನ್ನಿಧಿ ಸದಾ ದೊರೆಯಲಿ. ಸೈಕಲ್ ಕೊಟ್ಟ ಹಿರಿಯರಿಗೆ, ನಮ್ಮನ್ನು ದಾಟಿಸಿದ ಅಂಬಿಗನಿಗೆ ಎಲ್ಲ ದಾರಿಗಳೂ ಸುಗಮವಾಗಲಿ. ಎಳೆಯಲ್ಲಿ ಸಂಬಂಧವನ್ನು ಕಂಡ ಆ ಅತ್ತೆಯವರ ಮನೆತನ ತುಂಬಿ ಬಾಳಲಿ. ನನ್ನ ತಂಗಿಯ ಉಡಿ, ಅವಳ ಮಕ್ಕಳ ಉಡಿ ಎಂದೂ ಬರಿದಾಗದಿರಲಿ. ತವರು ಎಂಬ ಮಾತಿಗೆ ನಾನು ಯಾವ ಗ್ರಂಥದಲ್ಲೂ ಓದದ ಅರ್ಥ ಕಲಿಸಿದ ಗೆಳೆಯನಿಗೆ, ಅವನ ಮಗ್ಗಕ್ಕೆ, ಅವನ ಮಕ್ಕಳ ಮಕ್ಕಳಿಗೆ ಶುಭವಾಗಲಿ.