ಮೈಟೋ ಮಾವನ ಕೈಗುಣ

ಕಾಲೇಜಿನಲ್ಲಿ ಬೆನ್ನ ಹಿಂದೆ ಎಲ್ಲರೂ ಆ ಪ್ರೊಫೆಸರರನ್ನು ಮೈಟೋ ಮಾವ ಎನ್ನುತ್ತಿದ್ದರು. ಪಾಪ, ಅವರ ಲೋಕವೇ ಮೈಟೋಕಾಂಡ್ರಿಯಾ. ಜೀವಕೋಶದೊಳಗಿನ ಆ ಪುಟ್ಟ ಕೋಣೆಯ ಬಾಗಿಲಲ್ಲಿ ಒಂದು ಪ್ರೊಟೀನ್ ಇದೆ, ಅದು ಕೊಲೆಸ್ಟ್ರಾಲನ್ನು ಒಳಗೆ ದಾಟಿಸಿದರೇನೇ ಸ್ಟೆರಾಯ್ಡ್ ಹಾರ್ಮೋನ್ ತಯಾರಾಗುವುದು ಎಂದು ಪಾಠ ಹೇಳುತ್ತಲೇ ತಲೆ ನರೆತಿತ್ತು. ಅದನ್ನು ಕಂಡುಹಿಡಿದವರು ಮಾತ್ರ ಬೇರೆ ಯಾರೋ. ನಿವೃತ್ತಿ ಹತ್ತಿರ ಬಂತು, ತಮ್ಮದು ಅಂತ ಒಂದೂ ಇಲ್ಲವಲ್ಲ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು.

ಆಗ ನೋಡಿ ಅದೃಷ್ಟ ಖುಲಾಯಿಸಿತು! ಅವರ ಕೊನೆಯ ವಿದ್ಯಾರ್ಥಿನಿ ಆ ಪ್ರೊಟೀನೇ ಇಲ್ಲದ ಕೋಶಗಳನ್ನು ಬೆಳೆಸಿದ್ದಳು. ಅವಳು ಅಳೆದಾಗ ಕಾರ್ಟಿಸಾಲ್ ಎಂಬ ಸ್ಟೆರಾಯ್ಡ್ ಹಾರ್ಮೋನ್ ಹೆಸರಿಗಷ್ಟೇ ಇತ್ತು. ಮಾವ ಖುದ್ದಾಗಿ ಅಳೆದರೆ ಧಾರಾಳ! ಪ್ರೊಟೀನ್ ಇಲ್ಲದೆಯೂ ಹಾರ್ಮೋನ್ ಆಗುತ್ತದೆ, ಇದು ತಮ್ಮದೇ ಶೋಧ ಅಂದುಕೊಂಡರು.

"ಇದಕ್ಕೆಲ್ಲ ಕೈಗುಣ ಬೇಕಮ್ಮ. ನಿನ್ನ ಪ್ರಬಂಧ ಸುಳ್ಳು, ಮತ್ತೆ ಮೊದಲಿಂದ ಮಾಡು."

"ಸರ್, ಒಂದ್ಸಲ ಗ್ಲೌಸ್ ಹಾಕ್ಕೊಂಡು ನೋಡಿ..."

"ಹಾಕಿದ್ರೆ ಕೈ ಕೆರೆಯುತ್ತೆ. ನನಗೇ ಹೇಳಿಕೊಡ್ತೀಯಾ?"

ಪ್ರಬಂಧಕ್ಕೆ ಗುರುಗಳ ಸಹಿ ಬೇಕಾದವರು ಬಾಯಿ ತೆರೆಯುವುದುಂಟೆ? ಹುಡುಗಿ ಎರಡು ವರ್ಷ ಅದೇ ಪ್ರಯೋಗ ಮಾಡಿದಳು. ಮಾವನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಗಿಲ ಪ್ರೊಟೀನ್ ಬೇಕೇ ಇಲ್ಲ ಎಂದು ಸಾರಲು ದೊಡ್ಡದೊಂದು ಸಭೆಯನ್ನೇ ಕರೆದರು.

ಸಭೆಯ ದಿನ ಬೆಳಿಗ್ಗೆ ಹೆಂಡತಿ ಕೂಗಿದಳು. "ರೀ, ನಿಮ್ಮ ಕೈಗೆ ಹಚ್ಚೋ ಮುಲಾಮು ಮುಗೀತಾ ಬಂತು. ಹೆಸರು ಓದಿ ಹೇಳಿ, ಬರ್ತಾ ತರ್ತೀನಿ."

ಅವಳು ತಂದದ್ದನ್ನು ಹಚ್ಚಿಕೊಳ್ಳುವುದಷ್ಟೇ ಮಾವನಿಗೆ ಗೊತ್ತಿದ್ದುದು. ಕನ್ನಡಕ ಏರಿಸಿ ಟ್ಯೂಬ್ ಹಿಡಿದರು: ಹೈಡ್ರೋಕಾರ್ಟಿಸೋನ್. ಕಾರ್ಟಿಸಾಲ್‌ಗೇ ಔಷಧಿ ಅಂಗಡಿಯಲ್ಲಿರುವ ಹೆಸರು ಅದು! ಪ್ರತಿವರ್ಷ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿ ಮಕ್ಕಳನ್ನು ಫೇಲ್ ಮಾಡುತ್ತಿದ್ದ ಮಹಾನುಭಾವರು ಇವರೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವರಿಗೆ ಕನ್ನಡಕವೇ ಬೇಕಾಯಿತು.

ಸಭಾಂಗಣದ ಮೆಟ್ಟಿಲ ಬಳಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. "ಯಾರಿಗೂ ಹೇಳ್ಬೇಡಮ್ಮ, ಮಾನ ಹೋಗುತ್ತೆ. ನಿನ್ನ ಪ್ರಬಂಧಕ್ಕೆ ಇವತ್ತೇ ಸಹಿ ಹಾಕ್ತೀನಿ."

"ನಾನು ಹೇಳಲ್ಲ ಸರ್. ಆದ್ರೆ ನೀವೂ ಹೇಳದಿದ್ರೆ, ಸಹಿ ಇದ್ರೂ ನನ್ನ ಪ್ರಬಂಧ ಸುಳ್ಳಾಗೇ ಉಳಿಯುತ್ತಲ್ವಾ?"

ಮಾವ ವೇದಿಕೆ ಹತ್ತಿದರು. ಭಾಷಣದ ಹಾಳೆ ಬದಿಗಿಟ್ಟು ಎರಡೂ ಅಂಗೈ ಮೇಲೆತ್ತಿದರು.

"ಹಾರ್ಮೋನ್ ಬಂದದ್ದು ಕೋಶದಿಂದಲ್ಲ, ಈ ಕೈಗೆ ಹಚ್ಚಿದ ಮುಲಾಮಿನಿಂದ. ಈ ಹುಡುಗಿ ಅಳೆದದ್ದೇ ಸರಿ. ನಾನೇ ಅವಳನ್ನ ಸುಳ್ಳಿ ಮಾಡಿದೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವನೂ ಪೆಚ್ಚುಪೆಚ್ಚಾಗಿ ನಕ್ಕರು. ಹಿಂದಿನ ಸಾಲಿನಲ್ಲಿ ಆ ಹುಡುಗಿ ಮಾತ್ರ ದುಪಟ್ಟಾದಲ್ಲಿ ಮುಖ ಮುಚ್ಚಿ, ಎರಡು ವರ್ಷದ ಅಳುವನ್ನೆಲ್ಲ ಅತ್ತುಬಿಟ್ಟಳು.